ಕೊಲೆಗಾರನನ್ನು ಮೊದಲು ಹೇಳಿ ಪ್ರೀತಿಯನ್ನು ಕೊನೆಗಿಡುವ ಕುರಿತು

ವಾಚನಾಲಯ ಹಾಗೂ ಕಥಾಶ್ರವಣ ಉಪಸಮಿತಿಯ ಕಚೇರಿ
ಕನ್ನಡ ಸಂಘದ ಬಿಲ್ಡಿಂಗ್, ಮೆಟ್ಟಿಲಿನ ಕೆಳಗೆ, ಚೆಂಬೂರು, ಮುಂಬಯಿ

ಸಂಖ್ಯೆ: ಕಥಾ/ಕೊಲೆ/ಪ್ರೇಮ/ಇತರೆ/೭
ದಿನಾಂಕ: ಬರುವ ಭಾನುವಾರಕ್ಕಿಂತ ಮುಂಚೆ

ಸುತ್ತೋಲೆ

ವಿಷಯ: ಸಲಿಂಗ ಪ್ರೇಮದ ಪತ್ತೇದಾರಿ ಕಾದಂಬರಿಗಳ ಬಗ್ಗೆ ಓದುಗರಾದ ಶ್ರೀಮತಿ ಸುಂದ್ರವ್ವನವರು ಬಹಿರಂಗವಾಗಿ ವ್ಯಕ್ತಪಡಿಸುತ್ತಿರುವ ಅಭಿಪ್ರಾಯಗಳನ್ನು ಕ್ರಮಬದ್ಧಗೊಳಿಸುವ ಕುರಿತು; ಹಾಗೂ ಆಂಟಾಪ್ ಹಿಲ್ ನಿವಾಸಿಗಳಾದ ಶ್ರೀ ಅನಿಲಕುಮಾರ ಮತ್ತು ಶ್ರೀ ದೂಜ ಇವರ ಅಡಿಗೆಮನೆಯಲ್ಲಿ ತಡೆಹಿಡಿಯಲಾಗಿರುವ ಕೊನೆಯ ಅಧ್ಯಾಯದ ಕುರಿತು.

ಉಲ್ಲೇಖ: (೧) ಶ್ರೀ ಶೆಟ್ಟೆಪ್ಪ ಇವರ ಮೌಖಿಕ ದೂರು, ಚಾಪೆಯ ಮೇಲಿಂದ. (೨) ಶ್ರೀಮತಿ ಚನ್ನವ್ವ ಇವರ ಲಿಖಿತ ಅರ್ಜಿ. (೩) ಶ್ರೀ ಅನಿಲಕುಮಾರ ಮತ್ತು ಶ್ರೀ ದೂಜ ಇವರ ಕುಟುಂಬ ಕಾರ್ಡಿನ ಕೋರಿಕೆ.

ಪ್ರಸ್ತಾವನೆ:

ನಮ್ಮ ವಾಚನಾಲಯದಿಂದ ಪುಸ್ತಕ ಒಯ್ದವರು ಅದನ್ನು ಸುಮ್ಮನೆ ಮೇಜಿನ ಮೇಲಿಟ್ಟು ಹೋಗುವಂತಿಲ್ಲ ಎಂಬುದು ಸದಸ್ಯರೆಲ್ಲರ ಗಮನದಲ್ಲಿರುತ್ತದೆ. ಭಾನುವಾರ ಸಂಜೆ ಚಾಪೆಯ ಮೇಲೆ ಕುಳಿತು, ಓದಿದ ಕಥೆಯನ್ನು ಎಲ್ಲರಿಗೂ ಬಾಯಿಬಿಟ್ಟು ಹೇಳಿ, ಆನಂತರವೇ ಪುಸ್ತಕ ಹಿಂತಿರುಗಿಸತಕ್ಕದ್ದು. ಇದಕ್ಕೆ ‘ಕಥೆ ಒಪ್ಪಿಸುವುದು’ ಎಂದು ಹೆಸರು. ಕನ್ನಡ ಕಿವಿಗೆ ಬಿದ್ದರೆ ತಿಳಿಯುವ, ಕಣ್ಣಿಗೆ ಬಿದ್ದರೆ ತಿಳಿಯದ ನಮ್ಮ ಮಕ್ಕಳಿಗಾಗಿ ಹಿರಿಯರು ಹಾಕಿಕೊಟ್ಟ ಪದ್ಧತಿ ಇದು. ಪತ್ತೇದಾರಿ ಕಾದಂಬರಿಯಾಗಿದ್ದಲ್ಲಿ ಕೊಲೆಗಾರನ ಹೆಸರನ್ನು ಮಾತ್ರ ನುಂಗಿಕೊಳ್ಳತಕ್ಕದ್ದು. ಮುಂದಿನವರೂ ಓದಬೇಕಲ್ಲ.

ಘಾಟ್ಕೋಪರಿನಲ್ಲಿ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ವ್ಯಾಪಾರ ಮಾಡುವ ಶ್ರೀಮತಿ ಸುಂದ್ರವ್ವನವರು ಈಚೆಗೆ ‘ಇನ್‌ಸ್ಪೆಕ್ಟರ್ ಮತ್ತು ಗಡಿಯಾರದವ’ ಎಂಬ ಕಾದಂಬರಿ ಮಾಲೆಯನ್ನು ಒಯ್ಯತೊಡಗಿದ್ದಾರೆ. ಅದರಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಕೊಲೆಗಳನ್ನು ಪತ್ತೆ ಹಚ್ಚುತ್ತಾನೆ; ಗಡಿಯಾರ ರಿಪೇರಿ ಮಾಡುವ ಇನ್ನೊಬ್ಬ ಗಂಡಸು, ಕೊಲೆಯಾದವನ ಕೈಗಡಿಯಾರ ಎಷ್ಟಕ್ಕೆ ನಿಂತಿತೆಂದು ನೋಡಿ ಹೇಳುತ್ತಾನೆ. ಇಬ್ಬರೂ ಒಂದೇ ಮನೆಯಲ್ಲಿರುತ್ತಾರೆ. ಮೊದಲ ಭಾಗವನ್ನು ಒಪ್ಪಿಸಲು ಕುಳಿತ ಸುಂದ್ರವ್ವನವರು ಬಾಯಿ ತೆರೆದದ್ದೇ ಹೀಗೆ:

“ಖೂನಿ ಮಾಡಿದಾಂವ ಲಿಫ್ಟ್‌ಮನ್. ಆತಿಲ್ಲೊ? ಅದನ್ನ ಅಲ್ಲಿಗೇ ಬಿಡ್ರಿ. ಈಗ ಖರೇ ಕಥೀ ಕೇಳ್ರಿ. ಆ ಇನ್‌ಸ್ಪೆಕ್ಟರ್ ಗಡಿಯಾರದಾಂವನ ಕೈ ಯಾವಾಗ ಹಿಡದಾ?”

ಸದರಿ ಪುಸ್ತಕಕ್ಕೆ ಮುಂದಿನ ಪಾಳಿಯಲ್ಲಿದ್ದ ಶ್ರೀ ಶೆಟ್ಟೆಪ್ಪನವರು ಚಾಪೆಯಿಂದ ಅರ್ಧ ಎದ್ದು, “ಯಕ್ಕಾ, ಮುಂದಿನ ಪಾಳಿ ನಂದಿತ್ತಲ್ಲ! ಈಗ ನಾ ಏನ್ ಓದ್ಲಿ, ಲಿಫ್ಟಿನ ಬಾಗಲಾ ಓದ್ಲ್ಯಾ?” ಎಂದು ದೂರು ದಾಖಲಿಸಿದರು.

“ಪ್ರೀತಿ ಓದೋ ಶೆಟ್ಟೆಪ್ಪಾ,” ಎಂದು ಸುಂದ್ರವ್ವನವರು ಸ್ಥಳದಲ್ಲೇ ಉತ್ತರಿಸಿರುತ್ತಾರೆ. “ಹೆಣಾ ಎಲ್ಲಿ ಹೋಗತೈತಿ? ಅಲ್ಲೇ ಬಿದ್ದಿರತೈತಿ.”

ಈ ಎಲ್ಲ ಹಿನ್ನೆಲೆಯಲ್ಲಿ ಉಪಸಮಿತಿಯು ಕೂಲಂಕಷವಾಗಿ ಪರಿಶೀಲಿಸಿ, ನಡುವೆ ಎರಡು ಭಾಗಗಳನ್ನು ತಾನೂ ಓದಿ, ಈ ಕೆಳಗಿನಂತೆ ಸೂಚನೆಗಳನ್ನು ಹೊರಡಿಸಿದೆ.

೧. ಓದುಗರ ಅಭಿಪ್ರಾಯಗಳನ್ನು ದಾಖಲೆಗೆ ತೆಗೆದುಕೊಳ್ಳುವುದು

ಶ್ರೀಮತಿ ಸುಂದ್ರವ್ವನವರ ಅಭಿಪ್ರಾಯಗಳನ್ನು ಒಪ್ಪಲಾಗಿದೆ ಎಂದಾಗಲೀ ಒಪ್ಪಲಾಗಿಲ್ಲ ಎಂದಾಗಲೀ ಭಾವಿಸದೆ, ಕೇವಲ ಬರೆದಿಟ್ಟುಕೊಳ್ಳಲಾಗಿದೆ:

(ಅ) ಪತ್ತೇದಾರಿ ಕಾದಂಬರಿಯಲ್ಲಿ ಹೆಣದ ಕೆಲಸವೆಂದರೆ ಇಬ್ಬರನ್ನು ಭೇಟಿ ಮಾಡಿಸುವುದು. ಭೇಟಿಯಾದ ಮೇಲೆ ಹೆಣವನ್ನು ಗೌರವದಿಂದ ಕಳಿಸಿಕೊಡತಕ್ಕದ್ದು. ಅದನ್ನು ಹಿಡಿದುಕೊಂಡು ನೂರಾರು ಪುಟ ಅಲೆಯುವುದು ಹೆಣಕ್ಕೂ ಚೆಂದವಲ್ಲ, ಓದುವವರಿಗೂ ಚೆಂದವಲ್ಲ.

(ಆ) ಊಟ ಮಾಡದ ಪತ್ತೇದಾರನನ್ನು ನಂಬತಕ್ಕದ್ದಲ್ಲ. ಬರೀ ಸಿಗರೇಟು ಸೇದಿಕೊಂಡು ಕಿಟಕಿಯಲ್ಲಿ ನಿಲ್ಲುವವನು ನಾಳೆ ಪ್ರೀತಿಸಿದವನಿಗೆ ಜ್ವರ ಬಂದರೆ ಗಂಜಿ ಕಾಸಿಯಾನೆ?

(ಇ) ಗಂಡು ಹೆಣ್ಣು ಪ್ರೀತಿಸುವ ಕಾದಂಬರಿಯಲ್ಲಿ ಮನೆಯ ಹಿರಿಯರು ಅಡ್ಡ ಬರುತ್ತಾರೆ. ಗಂಡು ಗಂಡನ್ನು ಪ್ರೀತಿಸುವ ಕಾದಂಬರಿಯಲ್ಲಿ ಬರೆದವನೇ ಅಡ್ಡ ಬರುತ್ತಾನೆ. ಕೊನೆಗೆ ಇಬ್ಬರಲ್ಲಿ ಒಬ್ಬನನ್ನು ಲಾರಿಯ ಕೆಳಗೆ ಹಾಕಿ ಕೈತೊಳೆದುಕೊಳ್ಳುತ್ತಾನೆ. ಈ ಬಗ್ಗೆ ಸುಂದ್ರವ್ವನವರ ಮಾತನ್ನು ಯಥಾವತ್ತಾಗಿ ನಮೂದಿಸಲಾಗಿದೆ: “ಬರಿಲಿಕ್ಕೆ ಬ್ಯಾಸರಾದ್ರ ಪೆನ್ನ ಕೆಳಗಿಡಬೇಕ್ರೀ, ಆ ಹುಡುಗನ್ನ ಯಾಕ ಕೊಲ್ಲಬೇಕು? ಮೊದಲ ಆ ಬರದಾಂವನ್ನ ಹಿಡದ ಲಾಕಪ್ಪಿಗೆ ಹಾಕ್ರಿ. ಅಸಲ ಖೂನಿಗಾರ ಅಂವಾ.”

ಈ ಕೊನೆಯ ಅಭಿಪ್ರಾಯದ ನಂತರ ಸಭೆಯಲ್ಲಿ ಚಪ್ಪಾಳೆ ಬಿದ್ದದ್ದನ್ನು ಉಪಸಮಿತಿ ಗಮನಿಸಿದೆ. ಚಪ್ಪಾಳೆಯಲ್ಲಿ ಶ್ರೀ ಶೆಟ್ಟೆಪ್ಪನವರ ಎರಡೂ ಕೈಗಳಿದ್ದವು.

೨. ಕಪಾಟಿನ ಬಗ್ಗೆ ಆಗಿರುವ ಪ್ರಮಾದ

ಸದರಿ ಕಾದಂಬರಿ ಮಾಲೆಯನ್ನು ಇಲ್ಲಿಯವರೆಗೆ ‘ರೂಮ್ ಪಾರ್ಟನರ್ ಸಾಹಿತ್ಯ’ ಎಂಬ ಚೀಟಿಯಿರುವ ಖಾನೆಯಲ್ಲಿ ಇಡಲಾಗಿತ್ತು ಎಂದು ವಿಷಾದದಿಂದ ತಿಳಿಸಲಾಗಿದೆ. ಇಬ್ಬರು ಗಂಡಸರು ಒಂದೇ ಖೋಲಿಯಲ್ಲಿ ವರ್ಷಗಟ್ಟಲೆ ಇದ್ದರೆ ಅದಕ್ಕೆ ಮುಂಬಯಿಯ ಜಾಗದ ಅಡಚಣೆಯೇ ಕಾರಣವೆಂದು ಉಪಸಮಿತಿಯು ಸದ್ಭಾವನೆಯಿಂದ ನಂಬಿತ್ತು. ಇನ್‌ಸ್ಪೆಕ್ಟರ್ ಗಡಿಯಾರದವನ ತಲೆ ಬಾಚುವ ಸನ್ನಿವೇಶವನ್ನು ಕನ್ನಡಿ ಚಿಕ್ಕದಿರಬೇಕೆಂದು ಅರ್ಥೈಸಲಾಗಿತ್ತು. ಒಂದೇ ಹೊದಿಕೆಯನ್ನು ಲಗೇಜಿನ ಮಿತಿ ಎಂದೂ, ಸ್ಟೇಷನ್ನಿನಲ್ಲಿ ಬೀಳ್ಕೊಡುವಾಗಿನ ಕಣ್ಣೀರನ್ನು ಚೆಂಬೂರಿನ ಹೊಗೆ ಎಂದೂ ಷರಾ ಬರೆಯಲಾಗಿತ್ತು.

ಮೂರನೇ ಭಾಗವನ್ನು ಒಪ್ಪಿಸಿದ ದಿನ ಸುಂದ್ರವ್ವನವರು ಕಪಾಟಿನ ಚೀಟಿಯತ್ತ ಬೆರಳು ತೋರಿಸಿ, “ಒಂದ ಮನಿ, ಒಂದ ಚಹಾದ ಪಾತೇಲಿ, ಒಬ್ಬರಿಗೆ ಜ್ವರ ಬಂದ್ರ ಇನ್ನೊಬ್ಬರ ನಿದ್ದಿ ಹೋಗತೈತಿ. ಇದಕ್ಕ ಸಂಸಾರ ಅಂತಾರ. ರೂಮ್ ಪಾರ್ಟನರ್ ಅಂತ ಯಾವ ಶಾಣ್ಯಾ ಬರದಾನ್ರಿ ಇಲ್ಲೆ?” ಎಂದು ಕೇಳಿದರು. ಆ ಶಾಣ್ಯಾ, ಅರ್ಥಾತ್ ಜಾಣ, ಯಾರೆಂಬುದನ್ನು ಪತ್ತೆ ಹಚ್ಚುವ ಅಗತ್ಯವಿಲ್ಲವೆಂದು ಉಪಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿದೆ.

೩. ಗಟ್ಟಿಯಾಗಿ ಓದುವ ನಿಯಮ ಮತ್ತು ತಡೆಹಿಡಿದ ಅಧ್ಯಾಯ

ಒಂಟಿ ಕಾರ್ಡಿನ ಮೇಲೆ ಒಯ್ದ ಪುಸ್ತಕವನ್ನು ಮನಸ್ಸಿನಲ್ಲೇ ಓದಿಕೊಳ್ಳತಕ್ಕದ್ದು. ಗಟ್ಟಿಯಾಗಿ ಓದಿ ಕೇಳಿಸುವುದಾದರೆ ಕುಟುಂಬ ಕಾರ್ಡು ಇರತಕ್ಕದ್ದು, ಕೇಳುವವರು ಕುಟುಂಬದವರೇ ಆಗಿರತಕ್ಕದ್ದು ಎಂಬ ನಿಯಮ ಜಾರಿಯಲ್ಲಿದೆ. ಹಿಂದೊಮ್ಮೆ ಒಬ್ಬ ಸದಸ್ಯೆ ಲೋಕಲ್ ರೈಲಿನಲ್ಲಿ ಗಟ್ಟಿಯಾಗಿ ಓದಿದ ಪರಿಣಾಮ, ಘಾಟ್ಕೋಪರಿನಲ್ಲಿ ಇಳಿಯಬೇಕಾದ ಹೆಂಗಸರೆಲ್ಲ ಕೊಲೆಗಾರ ಸಿಗುವವರೆಗೆ ಇಳಿಯುವುದಿಲ್ಲವೆಂದು ಕೊನೆಯ ನಿಲ್ದಾಣವಾದ ಠಾಣೆಯವರೆಗೂ ಹೋದದ್ದೇ ಈ ನಿಯಮಕ್ಕೆ ಕಾರಣ.

ಶ್ರೀ ಅನಿಲಕುಮಾರ ಧಾರವಾಡ ಕಡೆಯವರು. ಶ್ರೀ ದೂಜ ಕರಾವಳಿಯವರು. ದೂಜ ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಆದರೆ ಮುಂಬಯಿಯಲ್ಲೇ ಶಾಲೆ ಕಲಿತದ್ದರಿಂದ ಅಕ್ಷರ ಕೂಡಿಸಿ ಒಂದು ಸಾಲು ಓದುವಷ್ಟರಲ್ಲಿ ಒಲೆಯ ಮೇಲಿನ ಮೀನು ಸೀದು ಹೋಗುತ್ತದೆ. ಆದ್ದರಿಂದ ಸಂಜೆ ದೂಜ ಅಡಿಗೆ ಮಾಡುವುದು, ಅನಿಲಕುಮಾರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಗಟ್ಟಿಯಾಗಿ ಓದುವುದು ಅವರ ಮನೆಯ ರೂಢಿ. ಇಬ್ಬರ ಬಳಿಯೂ ಒಂಟಿ ಕಾರ್ಡು. ಎರಡರ ಮೇಲೂ ಉಪಸಮಿತಿಯ ಕೈಬರಹದಲ್ಲಿ ‘ರೂಮ್ ಪಾರ್ಟನರ್’ ಎಂದೇ ಇದೆ.

ಕೆಳಗಿನ ಮನೆಯ ಶ್ರೀಮತಿ ಚನ್ನವ್ವನವರು “ಮೇಲಿನ ಮನೆಯವರು ದಿನಾ ಸಂಜೆ ಗಟ್ಟಿಯಾಗಿ ಕಥೆ ಓದುತ್ತಾರೆ” ಎಂದು ಆರಂಭವಾಗುವ ಅರ್ಜಿ ಸಲ್ಲಿಸಿದ ಕೂಡಲೇ ಉಪಸಮಿತಿಯು ಓದನ್ನು ನಿಲ್ಲಿಸುವಂತೆ ಆದೇಶಿಸಿತು. ಆ ಹೊತ್ತಿಗೆ ಅವರು ಮಾಲೆಯ ಹೊಸ ಭಾಗದಲ್ಲಿದ್ದು, ಇನ್‌ಸ್ಪೆಕ್ಟರ್ ಕೈಯಲ್ಲಿ ನಾಗಪುರಕ್ಕೆ ವರ್ಗಾವಣೆಯ ಆದೇಶ ಹಿಡಿದು ಗಡಿಯಾರದ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾನೆ. ಹೋಗುತ್ತಾನೋ, ಉಳಿಯುತ್ತಾನೋ ಎಂಬುದು ಕೊನೆಯ ಅಧ್ಯಾಯದಲ್ಲಿದೆ. ಈ ಭಾಗವನ್ನು ಸುಂದ್ರವ್ವನವರೂ ಇನ್ನೂ ಓದಿಲ್ಲವಾದ್ದರಿಂದ ಕೇಳಿ ತಿಳಿಯುವ ದಾರಿಯೂ ಇಲ್ಲ. ಸದರಿ ಇಬ್ಬರೂ ಕುಟುಂಬ ಕಾರ್ಡು ಕೋರಿ ಉಪಸಮಿತಿಯ ಮುಂದೆ ಹಾಜರಾದರು.

೪. ವಿಚಾರಣೆಯ ನಡಾವಳಿ

ಒಂಟಿಯಾಗಿ, ಮನಸ್ಸಿನಲ್ಲೇ ಕೊನೆಯ ಅಧ್ಯಾಯವನ್ನು ಓದಿಕೊಳ್ಳಲು ನಿಯಮದಲ್ಲಿ ಅಡ್ಡಿಯಿಲ್ಲವೆಂದು ಶ್ರೀ ಅನಿಲಕುಮಾರರಿಗೆ ತಿಳಿಸಲಾಯಿತು. ಅದಕ್ಕವರು, “ನಾ ಒಬ್ಬನಽ ಓದಂಗಿಲ್ರಿ. ಇವನ್ನ ಬಿಟ್ಟು ನಾ ಮುಂದ ಹೋದ್ರ ಹೆಂಗ?” ಎಂದು ತಲೆ ತಗ್ಗಿಸಿದರು.

ಶ್ರೀ ದೂಜ: “ಎಂಥ ಮಾರಾಯ್ರೆ, ಇನ್ನು ಒಂದೇ ಅಧ್ಯಾಯ ಇರುದು! ಆ ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತಿದ್ದಾನೆ, ಪಾಪ. ಅವನ ಚಿಂತೆಯಲ್ಲಿ ನಾನು ಬಂಗುಡೆಗೆ ಎರಡೆರಡು ಸಲ ಉಪ್ಪು ಹಾಕಿದೆ. ಇವರು ಮಾತಾಡದೆ ತಿಂದ್ರು. ಮಾತಾಡದೆ ತಿಂದದ್ದೇ ನನಗೆ ಹೆಚ್ಚು ಬೇಜಾರು.”

ಜಾಗದ ಅಡಚಣೆ ಎಂದು ಹೇಳಿ ಕಾರ್ಡಿನಲ್ಲಿ ಹಿಂದೆ ‘ರೂಮ್ ಪಾರ್ಟನರ್’ ಎಂದು ಬರೆಸಿದವರು ತಾವೇ ಅಲ್ಲವೇ ಎಂದು ಕೇಳಲಾಗಿ, ಶ್ರೀ ಅನಿಲಕುಮಾರರು ಚಾಪೆಯ ಕಡ್ಡಿಯೊಂದನ್ನು ಕಿತ್ತು (ಚಾಪೆ ಸಂಘದ ಸ್ವತ್ತು, ಎಚ್ಚರಿಕೆ ನೀಡಲಾಯಿತು) ನಂತರ ಹೀಗೆಂದರು: “ಹೌದ್ರಿ. ಆವಾಗ ಬ್ಯಾರೆ ಏನ ಬರಸಬೇಕಂತ ಗೊತ್ತಿರಲಿಲ್ಲ. ಈಗ ಎರಡ ಖೋಲಿ ಅದಾವು, ಬಾಲ್ಕನಿನೂ ಐತಿ. ಅಡಚಣಿ ಮುಗದೈತ್ರಿ. ನಾವು ಮುಗದಿಲ್ಲ.”

ಇಲ್ಲಿ ಉಪಸಮಿತಿಯ ಕಣ್ಣಲ್ಲಿ ನೀರು ಬಂದದ್ದಕ್ಕೆ ಫ್ಯಾನು ತಾನಾಗಿಯೇ ಜೋರಾದದ್ದು ಕಾರಣವೆಂದು ನಡಾವಳಿಯಲ್ಲಿ ಬರೆಯಲಾಗಿದ್ದು, ಅದು ತಾಂತ್ರಿಕವಾಗಿ ಸಾಬೀತಾಗಿಲ್ಲ.

ನಂತರ ದೂರುದಾರರಾದ ಚನ್ನವ್ವನವರನ್ನು ಕರೆಸಲಾಯಿತು. “ಅಯ್ಯ ನಿಮ್ಮ! ಓದಬ್ಯಾಡ್ರಿ ಅಂತ ನಾ ಯಾವಾಗ ಅಂದೆ?” ಎಂದವರು ಉಪಸಮಿತಿಯ ಮೇಲೆಯೇ ತಿರುಗಿಬಿದ್ದರು. “ಅವ ದೂಜ ಅಣ್ಣಾ ನಡುನಡುವ ನಗತಾನ, ಮಾತಽ ಕೇಳಸಂಗಿಲ್ಲ, ಇನ್ನೊಂಚೂರು ಗಟ್ಟಿ ಓದಸ್ರಿ ಅಂತ ಬರದೀನಿ. ಪೂರಾ ಓದ್ರಿ ಮೊದಲ! ನೀವು ಬಂದ್ ಮಾಡಿದಾಗಿಂದ ನಮ್ಮನ್ಯಾಗ ಯಾರೂ ನೆಟ್ಟಗ ಊಟಾ ಮಾಡಿಲ್ಲ.”

ಅರ್ಜಿಯನ್ನು ಮರುಪರಿಶೀಲಿಸಲಾಗಿ ಅದರಲ್ಲಿ ಎರಡನೆಯ ಸಾಲು ಇರುವುದು ನಿಜವೆಂದು ಕಂಡುಬಂದಿದೆ. ಅರ್ಜಿಯ ಮೊದಲ ಸಾಲನ್ನಷ್ಟೇ ಓದಿ ಕ್ರಮ ಕೈಗೊಳ್ಳುವುದು ಬೇರೆ ಕಚೇರಿಗಳಿಗೆ ಸರಿಹೋದೀತು, ವಾಚನಾಲಯಕ್ಕೆ ಶೋಭೆಯಲ್ಲವೆಂದು ಉಪಸಮಿತಿಯು ತನಗೆ ತಾನೇ ಎಚ್ಚರಿಕೆ ಪತ್ರ ನೀಡಿಕೊಂಡು, ಸ್ವೀಕೃತಿಗೆ ಸಹಿ ಹಾಕಿದೆ.

೫. ಪೂರ್ವನಿದರ್ಶನಗಳು

ಇಂತಹ ಪ್ರಕರಣಕ್ಕೆ ಸಂಘದ ಕಡತದಲ್ಲಿ ಹಿಂದಿನ ಉದಾಹರಣೆ ದೊರೆಯದ ಕಾರಣ, ಈ ಕೆಳಗೆ ಸಹಿ ಮಾಡಿದವರ ಅಜ್ಜಿಯ ಕಥೆಗಳನ್ನು ತರಿಸಿಕೊಂಡು ನೋಡಲಾಯಿತು. ಸದರಿ ಕಥೆಗಳಲ್ಲಿ ರಾಜಕುಮಾರನೊಬ್ಬ ಕುಂಬಳಕಾಯಿಯನ್ನು ಮದುವೆಯಾದಾಗ, ರಾಜನ ಮಗಳು ಹಾವಿಗೆ ಹಾರ ಹಾಕಿದಾಗ, ಊರಿನವರು ಯಾರೂ ಸಂಬಂಧದ ಕಾಲಮ್ಮಿನಲ್ಲಿ ಏನು ಬರೆಯುವುದೆಂದು ಕೇಳಿದ ದಾಖಲೆ ಇಲ್ಲ. ಚಪ್ಪರ ಹಾಕಿ ಊಟಕ್ಕೆ ಕುಳಿತಿರುತ್ತಾರೆ. ಕುಂಬಳಕಾಯಿಗೆ ಇದ್ದ ಸೌಲಭ್ಯವನ್ನು ಸಂಘದ ಸದಸ್ಯರಿಗೆ ನಿರಾಕರಿಸಲು ಉಪಸಮಿತಿಗೆ ಸೂಕ್ತ ಕಾರಣ ಸಿಕ್ಕಿಲ್ಲ.

ಅಜ್ಜಿಯ ಕಥೆಗಳೆಲ್ಲ ‘ಅವರು ಅಲ್ಲೇ ಉಳಿದರು, ನಾವು ಇಲ್ಲೇ ಉಳಿದೆವು’ ಎಂದು ಮುಗಿಯುತ್ತವೆ. ಹಾಲಿ ಪ್ರಕರಣದಲ್ಲಿ ಅವರೂ ಇಲ್ಲೇ, ಆಂಟಾಪ್ ಹಿಲ್ಲಿನಲ್ಲೇ ಉಳಿದಿರುವುದರಿಂದ ಸದರಿ ವಾಕ್ಯ ಅನ್ವಯವಾಗುವುದಿಲ್ಲ.

೬. ಸಾಮಾನ್ಯ ಸೂಚನೆಗಳು

(ಅ) ಕೊಲೆಗಾರನ ಹೆಸರನ್ನು ಮೊದಲೇ ಹೇಳುವ ಸುಂದ್ರವ್ವನವರ ಕ್ರಮಕ್ಕೆ ಷರತ್ತುಬದ್ಧ ಅನುಮತಿ ನೀಡಲಾಗಿದೆ. ಕೇಳಲಿಚ್ಛಿಸದವರು ಆ ಅವಧಿಯಲ್ಲಿ ಮೆಟ್ಟಿಲಿನ ಕೆಳಗೆ ನಿಲ್ಲತಕ್ಕದ್ದು. ಅಲ್ಲಿ ಉಪಸಮಿತಿಯ ಕಚೇರಿ ಇರುವುದರಿಂದ ಒಂದು ಸಲಕ್ಕೆ ಒಬ್ಬರು ಮಾತ್ರ, ಅದೂ ಬಾಗಿ.

(ಆ) ಶ್ರೀ ಶೆಟ್ಟೆಪ್ಪನವರು ತಮ್ಮ ದೂರನ್ನು ಹಿಂಪಡೆದಿದ್ದಾರೆ. “ಖೂನಿ ಬಿಡ್ರಿ, ನಾಗಪುರದ್ದು ಏನಾತು?” ಎಂದು ಕೇಳಲು ಅವರು ಕಚೇರಿಗೆ ಪದೇ ಪದೇ ಬರುವುದನ್ನು ಈ ಮೂಲಕ ನಿರ್ಬಂಧಿಸಲಾಗಿದೆ. ಉಪಸಮಿತಿಗೂ ಗೊತ್ತಿಲ್ಲ.

(ಇ) ಪ್ರೇಮಿಗಳಲ್ಲಿ ಒಬ್ಬರನ್ನು ಕಾರಣವಿಲ್ಲದೆ ಸಾಯಿಸಿರುವ ಕಾದಂಬರಿಗಳ ಬೆನ್ನಿಗೆ ಕರಿದಾರ ಕಟ್ಟತಕ್ಕದ್ದು. ಅಂತಹ ಪುಸ್ತಕ ಒಯ್ಯುವವರಿಗೆ ಸುಂದ್ರವ್ವನವರು ಮುಂಚಿತವಾಗಿ ಒಂದು ರೊಟ್ಟಿ ತಿನ್ನಿಸಿ ಕಳಿಸುವರು.

(ಈ) ಹೆಣವಿರುವ ಅಧ್ಯಾಯಕ್ಕೆ ಬರೀ ಚಹಾ. ಕೈ ಹಿಡಿಯುವ ಅಧ್ಯಾಯಕ್ಕೆ ಚಹಾ ಮತ್ತು ಕಾಂದಾಭಜಿ (ಈರುಳ್ಳಿ ಬಜ್ಜಿ). ಹೆಣ ಸಿಕ್ಕಾಗಲೇ ಕೈ ಹಿಡಿದಲ್ಲಿ ಭಜಿ ಅರ್ಧ ಪ್ಲೇಟು.

(ಉ) ನಿಟ್ಟುಸಿರುಗಳನ್ನು ಸಾಮೂಹಿಕವಾಗಿ ಬಿಡತಕ್ಕದ್ದು. ಬಿಡಿಬಿಡಿಯಾಗಿ ಬಿಟ್ಟಲ್ಲಿ ಕಥೆ ಹೇಳುವವರಿಗೆ ಎಲ್ಲಿದ್ದೇವೆಂಬುದು ತಪ್ಪಿಹೋಗುತ್ತದೆ.

೭. ಆದೇಶ

ಮೇಲ್ಕಂಡ ಅಂಶಗಳ ಹಿನ್ನೆಲೆಯಲ್ಲಿ, ‘ರೂಮ್ ಪಾರ್ಟನರ್ ಸಾಹಿತ್ಯ’ ಎಂಬ ಚೀಟಿಯನ್ನು ಕಪಾಟಿನಿಂದ ಕಿತ್ತು, ಪುಸ್ತಕಗಳನ್ನು ‘ಸಂಸಾರ’ ಎಂಬ ಖಾನೆಗೆ, ಬೇರೆಲ್ಲ ಗಂಡಹೆಂಡಿರ ಕಾದಂಬರಿಗಳ ನಡುವೆಯೇ, ಸ್ಥಳಾಂತರಿಸಲು ಆದೇಶಿಸಲಾಗಿದೆ. ಶ್ರೀ ಅನಿಲಕುಮಾರ ಮತ್ತು ಶ್ರೀ ದೂಜ ಇವರ ಎರಡು ಒಂಟಿ ಕಾರ್ಡುಗಳನ್ನು ರದ್ದುಪಡಿಸಿ ಒಂದು ಕುಟುಂಬ ಕಾರ್ಡು ಮಂಜೂರು ಮಾಡಲಾಗಿದೆ. ಸಂಬಂಧದ ಕಾಲಮ್ಮಿನಲ್ಲಿ ಏನು ಬರೆಯಬೇಕೆಂಬುದನ್ನು ಅವರಿಗೇ ಬಿಡಲಾಗಿದೆ. ಉಪಸಮಿತಿಯು ಈ ವಿಷಯದಲ್ಲಿ ಒಮ್ಮೆ ಬರೆದು ಅನುಭವಿಸಿದೆ.

ಕೊನೆಯ ಅಧ್ಯಾಯದ ಮೇಲಿನ ತಡೆಯನ್ನು ಈ ಕ್ಷಣದಿಂದ ತೆರವುಗೊಳಿಸಲಾಗಿದೆ. ಇಂದು ಸಂಜೆಯೇ ಓದತಕ್ಕದ್ದು. ಗಟ್ಟಿಯಾಗಿ ಓದತಕ್ಕದ್ದು. ಇನ್‌ಸ್ಪೆಕ್ಟರ್ ನಾಗಪುರಕ್ಕೆ ಹೋಗಿಯೇಬಿಟ್ಟಲ್ಲಿ ಸದರಿ ಸದಸ್ಯರು ಎದೆಗುಂದದೆ ಪುಸ್ತಕವನ್ನು ಮುಚ್ಚಿ, ಊಟ ಮುಗಿಸಿ, ಅವನು ಮರಳಿ ಬರುವ ಅಧ್ಯಾಯವನ್ನು ತಾವೇ ಕಟ್ಟಿ ಭಾನುವಾರ ಒಪ್ಪಿಸಲು ಅಧಿಕಾರ ನೀಡಲಾಗಿದೆ.

ಸಹಿ/-
ಪ್ರಭಾರ ಕಾರ್ಯದರ್ಶಿ
ವಾಚನಾಲಯ ಹಾಗೂ ಕಥಾಶ್ರವಣ ಉಪಸಮಿತಿ
(ಕಾಯಂ ಕಾರ್ಯದರ್ಶಿಗಳು ಎರಡನೇ ಭಾಗ ಓದುತ್ತಿದ್ದು, ಮಾತಾಡಿಸಬಾರದೆಂದು ತಿಳಿಸಿದ್ದಾರೆ)

ಪ್ರತಿಗಳು:

೧. ಶ್ರೀಮತಿ ಸುಂದ್ರವ್ವ, ಘಾಟ್ಕೋಪರ್ ಇವರಿಗೆ, ಮಾಹಿತಿಗಾಗಿ ಹಾಗೂ ಮುಂದಿನ ಅಭಿಪ್ರಾಯಕ್ಕಾಗಿ.
೨. ಶ್ರೀ ಶೆಟ್ಟೆಪ್ಪ ಇವರಿಗೆ, ಸಮಾಧಾನಕ್ಕಾಗಿ.
೩. ಶ್ರೀಮತಿ ಚನ್ನವ್ವ ಇವರಿಗೆ, ಎರಡೂ ಸಾಲು ಓದಲಾಗಿದೆ ಎಂಬ ದೃಢೀಕರಣದೊಂದಿಗೆ.
೪. ಕಾದಂಬರಿ ಬರೆದವರಿಗೆ, ವಿಳಾಸ ಸಿಕ್ಕಲ್ಲಿ. ಸುಂದ್ರವ್ವನವರಿಗೆ ವಿಳಾಸ ತಿಳಿಸತಕ್ಕದ್ದಲ್ಲ.
೫. ಸೂಚನಾ ಫಲಕಕ್ಕೆ. ಕಚೇರಿ ಕಡತಕ್ಕೆ.
೬. ಶ್ರೀ ಅನಿಲಕುಮಾರ ಮತ್ತು ಶ್ರೀ ದೂಜ, ಆಂಟಾಪ್ ಹಿಲ್ ಇವರಿಗೆ. ಒಂದೇ ಮನೆಯಾದ್ದರಿಂದ ಒಂದೇ ಪ್ರತಿ.