ಸರೌಂಡ್ ಸೌಂಡಿನ ಹಳೆಯ ಆಲ್ಬಂಗಳ ಖರೀದಿ ಹಾಗೂ ಪಾಲಣ್ಣನವರ ರೆಕಾರ್ಡ್ ಪ್ಲೇಯರ್ ಕುರಿತು

ಜಿಲ್ಲಾ ಕಚೇರಿ, ಚಿತ್ರದುರ್ಗ
(ಇಲಾಖೆಯ ಹೆಸರಿನ ಮೊಹರು ಹೊಸದುರ್ಗದ ಟಪಾಲಿನೊಳಗೆ ಸೇರಿಕೊಂಡು ಹೋಗಿರುವುದರಿಂದ ಹೆಸರನ್ನು ನಮೂದಿಸಿರುವುದಿಲ್ಲ)

ಸಂಖ್ಯೆ: ಜಿಕ/ಚಿದು/ಮನರಂಜನೆ/5.1/2025-26
ದಿನಾಂಕ: 28-11-2025

ಸುತ್ತೋಲೆ

ವಿಷಯ: ಐವತ್ತು ವರ್ಷ ಹಳೆಯ ರಾಕ್ ಆಲ್ಬಂಗಳನ್ನು ಸರೌಂಡ್ ಸೌಂಡಿನ ಹೊಸ ಆವೃತ್ತಿಯಲ್ಲಿ ನೌಕರರ ಮನರಂಜನಾ ಸಂಘಕ್ಕೆ ಖರೀದಿಸಬೇಕೇ ಬೇಡವೇ ಎಂಬ ಬಗ್ಗೆ.

ಉಲ್ಲೇಖ:
1) ಜಿಲ್ಲಾ ಅಧಿಕಾರಿ ಶ್ರೀ ರವೀಂದ್ರ ಅವರ ಪ್ರಸ್ತಾವನೆ, ದಿ: 6-10-2025.
2) ಸದರಿ ಅಧಿಕಾರಿಯವರ ಗುಜರಿ ವಿಲೇವಾರಿ ಆದೇಶ, ದಿ: 17-11-2025 (ಸಿಟ್ಟಿನಲ್ಲಿ ಬರೆದದ್ದು).
3) ಈ ಕಚೇರಿಯ ದಲಾಯತ್ (ಜವಾನ) ಶ್ರೀ ಪಾಲಣ್ಣ ಅವರ ಮನವಿ, ದಿ: 19-11-2025 (ಅರ್ಧ ಹಾಳೆ, ಪೆನ್ಸಿಲ್ಲಿನಲ್ಲಿ).

ಸುತ್ತೋಲೆಗಳನ್ನು ಓದದೆ ಸಹಿ ಹಾಕುವ ಸಿಬ್ಬಂದಿ ಇದೊಂದನ್ನಾದರೂ ಓದುವರೆಂಬ ನಿರೀಕ್ಷೆಯಿಲ್ಲದೆ, ಆದರೂ ಕರ್ತವ್ಯದ ದೃಷ್ಟಿಯಿಂದ, ಕೆಳಕಂಡ ಅಂಶಗಳನ್ನು ಎಲ್ಲರ ಗಮನಕ್ಕೆ ತರಲಾಗಿದೆ.

1. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು ಬಂದಿದ್ದ ವಿದೇಶಿ ಎಂಜಿನಿಯರೊಬ್ಬರು ಈ ಕಚೇರಿಯ ಅತಿಥಿಗೃಹದಲ್ಲಿ ಎರಡು ವರ್ಷ ತಂಗಿದ್ದರು. ಊರಿಗೆ ಮರಳುವಾಗ ತಮ್ಮ ರೆಕಾರ್ಡ್ ಪ್ಲೇಯರ್, ಎರಡು ಸ್ಪೀಕರ್ ಹಾಗೂ ಒಂದು ರಾಕ್ ಆಲ್ಬಂನ ಎಲ್.ಪಿ. ರೆಕಾರ್ಡನ್ನು, ತಮಗೆ ದಿನಾ ಮುದ್ದೆ ಸಾರು ತಂದುಕೊಡುತ್ತಿದ್ದ ಬಾಗೂರಿನ ಶ್ರೀ ಪಾಲಣ್ಣ ಅವರಿಗೆ ಕೊಟ್ಟು ಹೋಗಿರುತ್ತಾರೆ. ಅಂದಿನಿಂದ ಇಂದಿನವರೆಗೆ, ರಜೆಯಿಲ್ಲದ ಶನಿವಾರಗಳಂದು ಊಟದ ವಿರಾಮದಲ್ಲಿ, ಹಳೆಯ ಕಡತಗಳ ಕೋಣೆಯಲ್ಲಿ ಸದರಿ ಆಲ್ಬಂ ಹಾಕಲಾಗುತ್ತಿದ್ದು, ಸಿಬ್ಬಂದಿ ಬುತ್ತಿ ಬಿಚ್ಚಿಕೊಂಡು ಕೇಳುತ್ತಾರೆ. ಹಾಡಿನ ಅರ್ಥ ಯಾರಿಗೂ ಪೂರ್ತಿ ತಿಳಿದಿಲ್ಲ. ಇದರಿಂದ ಸಾರ್ವಜನಿಕ ಸೇವೆಗೆ ಈವರೆಗೆ ಯಾವುದೇ ಧಕ್ಕೆ ಉಂಟಾಗಿರುವುದಿಲ್ಲ. ಮೂರನೇ ಹಾಡಿನ ಪಲ್ಲವಿಯಲ್ಲಿ ಗೀರು ಬಿದ್ದಿದ್ದು, ಅಲ್ಲಿ ಸೂಜಿ ಎರಡು ಪದ ಹಾರಿಸಿ ಮುಂದಕ್ಕೆ ಹೋಗುತ್ತದೆ. ಜಿಲ್ಲೆಯ ಸಿಬ್ಬಂದಿಯೆಲ್ಲ ಒಂದಲ್ಲ ಒಂದು ಕಾಲದಲ್ಲಿ ಇಲ್ಲಿ ಕೆಲಸ ಮಾಡಿರುವುದರಿಂದ ಎಲ್ಲರಿಗೂ ಹಾಡು ಹೀಗೆಯೇ ಬಾಯಿಪಾಠವಾಗಿದೆ.

2. ಎಂಟು ತಿಂಗಳ ಹಿಂದೆ ವರ್ಗವಾಗಿ ಬಂದ ಶ್ರೀ ರವೀಂದ್ರ ಅವರು ಇದೇ ಆಲ್ಬಂನ ಪರಮ ಅಭಿಮಾನಿ ಎಂದು ತಿಳಿದಾಗ ಸಿಬ್ಬಂದಿಗೆ ಸಂತೋಷವಾಗಿತ್ತು. ಆ ಸಂತೋಷ ಈಗ ಉಳಿದಿಲ್ಲ. ಸದರಿಯವರ ಬಳಿ ಈ ಆಲ್ಬಂ ಕ್ಯಾಸೆಟ್ಟಿನಲ್ಲಿ, ಸಿ.ಡಿ.ಯಲ್ಲಿ, ಶುದ್ಧೀಕರಿಸಿದ ಸಿ.ಡಿ.ಯಲ್ಲಿ ಹಾಗೂ ವಾರ್ಷಿಕೋತ್ಸವದ ಪೆಟ್ಟಿಗೆಯಲ್ಲಿ, ಹೀಗೆ ನಾಲ್ಕು ಬಾರಿ ಇರುತ್ತದೆ. ಐದನೆಯದಾಗಿ, ಕೇಳುಗರ ಸುತ್ತಲಿನಿಂದಲೂ ಸದ್ದು ಬರುವ 5.1 ಸರೌಂಡ್ ಸೌಂಡಿನದನ್ನು ತರಿಸಿ, ಐದು ಸ್ಪೀಕರುಗಳ ಸಮೇತ ಸಂಘಕ್ಕೆ ಮಾದರಿಯಾಗಿ ಕೊಟ್ಟು, ಇಂಥವೇ ಇನ್ನೂ ಹನ್ನೊಂದು ಆಲ್ಬಂಗಳನ್ನು ಸಿಬ್ಬಂದಿಯ ಚಂದಾದಿಂದ ಕೊಳ್ಳಬೇಕೆಂದು ಪ್ರಸ್ತಾಪಿಸಿರುತ್ತಾರೆ. ಈ ಐದನೆಯದರ ಪೆಟ್ಟಿಗೆಯೊಳಗೆ ಯಾರೂ ಓದದ ಪುಸ್ತಕವೊಂದು, ಗೋಡೆಗೆ ಅಂಟಿಸುವ ಚಿತ್ರವೊಂದು ಹಾಗೂ ಚಹಾ ಲೋಟದ ಕೆಳಗಿಡುವ ನಾಲ್ಕು ಬಿಲ್ಲೆಗಳಿದ್ದವು. ಹಾಡುಗಳು ಮಾತ್ರ ಅವೇ ನಲವತ್ತೆರಡು ನಿಮಿಷದವು.

3. ಮಾದರಿ ಸೆಟ್ಟು ಕಚೇರಿಗೆ ಬಂದ ಕೂಡಲೇ, ಕಂಬಳಿಯಿಂದ ಕ್ಯಾಲೆಂಡರಿನವರೆಗೆ ಬಂದದ್ದೆಲ್ಲವನ್ನೂ ತನ್ನ ಕಚೇರಿಯಿರುವ ನಾಲ್ಕು ತಾಲ್ಲೂಕುಗಳಿಗೆ ಸಮನಾಗಿ ಹಂಚುವ ಈ ಇಲಾಖೆಯ ರೂಢಿಯಂತೆ, ದಾಸ್ತಾನು ಶಾಖೆಯು ಯಾರನ್ನೂ ಕೇಳದೆ ಸ್ಪೀಕರುಗಳನ್ನು ಈ ಕೆಳಗಿನಂತೆ ಹಂಚಿರುತ್ತದೆ:

(ಅ) ಮಧ್ಯದ ಸ್ಪೀಕರ್: ಚಿತ್ರದುರ್ಗ.
(ಆ) ಮುಂದಿನ ಎಡ: ಹಿರಿಯೂರು.
(ಇ) ಮುಂದಿನ ಬಲ: ಹೊಸದುರ್ಗ.
(ಈ) ಹಿಂದಿನ ಎಡ: ಹೊಳಲ್ಕೆರೆ.
(ಉ) ಹಿಂದಿನ ಬಲ: ಅಧಿಕಾರಿಯವರ ನಿವಾಸ (ಅಲ್ಲಿ ಪೆಟ್ಟಿಗೆ ಬಿಚ್ಚಿರುವುದಿಲ್ಲ).
(ಊ) 5.1 ಎಂಬಲ್ಲಿನ .1, ಅಂದರೆ ಗುಡುಗುವ ದೊಡ್ಡ ಪೆಟ್ಟಿಗೆ: ಅರ್ಧಕ್ಕಿಂತ ಕಡಿಮೆಯಿರುವ ಭಿನ್ನಾಂಶವನ್ನು ಕೈಬಿಡಬೇಕೆಂಬ ನಿಯಮದಂತೆ ಕೈಬಿಡಲಾಗಿದೆ. ಅದರ ಮೇಲೆ ಈಗ ನೀರಿನ ಕ್ಯಾನ್ ಇಡಲಾಗಿದೆ.

ಡಿಸ್ಕ್ ಮತ್ತು ಅದರ ಪ್ಲೇಯರನ್ನು ವಾರಕ್ಕೊಂದು ಕಚೇರಿಯಂತೆ ಸರದಿಯ ಮೇಲೆ ಬಸ್ಸಿನಲ್ಲಿ ಕಳುಹಿಸಲಾಯಿತು. ಶ್ರೀ ರವೀಂದ್ರ ಅವರಿಗೆ ಈ ಹಂಚಿಕೆ ತಿಳಿದದ್ದು ನಾಲ್ಕು ವಾರ ಕಳೆದ ಮೇಲೆ. ಹಂಚಿಕೆಯ ಕಡತಕ್ಕೆ ಸಹಿ ಮಾಡಿದ್ದವರು ಅವರೇ.

4. ಕಚೇರಿಗಳಿಂದ ಬಂದ ಅಭಿಪ್ರಾಯಗಳು:

ಹಿರಿಯೂರು: ಗಿಟಾರ್ ಮಾತ್ರ ಕೇಳಿಸಿದೆ. ಅಲ್ಲಿನ ಗುಮಾಸ್ತ ಶ್ರೀ ತಿಪ್ಪೇಶ್ ಅವರ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಿದೆ: "ಗಿಟಾರ್ ಒಂದೇ ಐತೆ. ಹಾಡೋನು ರಜಾ ಹಾಕಿರ್ಬೇಕು, ಬರ್ತಾನೆ ಬಿಡು ಅಂತ ನಲ್ವತ್ತು ನಿಮಿಷ ಸುಮ್ನೆ ಕುಂತಿದ್ವಿ. ಬರ್ಲೇ ಇಲ್ಲ."

ಹೊಸದುರ್ಗ: ಡ್ರಮ್ ಕೇಳಿಸಿದೆ. ಕೊಳ್ಳಬಹುದು, ಆದರೆ ಇದಕ್ಕಿಂತ ಊರಿನ ಡೊಳ್ಳಿನವರು ವಾಸಿ.

ಹೊಳಲ್ಕೆರೆ: ನಲವತ್ತೆರಡು ನಿಮಿಷದಲ್ಲಿ ಎರಡು ಬಾರಿ ಗಾಳಿಯ ಸದ್ದು ಹಾಗೂ ಹನ್ನೊಂದು ಚಪ್ಪಾಳೆ ಕೇಳಿಸಿವೆ. ಆ ಹೊತ್ತಿಗೆ ಬಿ.ದುರ್ಗದಿಂದ ಅರ್ಜಿ ಹಿಡಿದು ಬಂದಿದ್ದ ಮೂವರು ರೈತರು, ಚಪ್ಪಾಳೆ ಕೇಳಿ ತಮ್ಮ ಅರ್ಜಿ ಮಂಜೂರಾಯಿತೆಂದು ತಿಳಿದು, ಎಲ್ಲರಿಗೂ ಕೈಮುಗಿದು ಹೋಗಿರುತ್ತಾರೆ. ಅವರನ್ನು ಹುಡುಕಿಸಲಾಗುತ್ತಿದೆ.

ಚಿತ್ರದುರ್ಗ: ಗಾಯಕನ ಧ್ವನಿ ಮಾತ್ರ. ಪಕ್ಕವಾದ್ಯವಿಲ್ಲದೆ ಒಬ್ಬನೇ ಕಿರುಚುವುದನ್ನು ಕೇಳಿ ಪಕ್ಕದ ಕಚೇರಿಯವರು ವಿಚಾರಿಸಲು ಬಂದಿದ್ದರು.

5. ತದನಂತರ ಎಲ್ಲ ಸ್ಪೀಕರುಗಳನ್ನೂ ವಾಪಸು ತರಿಸಿ, ದಿನಾಂಕ 15-11-2025ರ ಶನಿವಾರ ಚಿತ್ರದುರ್ಗದ ಸಭಾಂಗಣದಲ್ಲಿ ನಾಲ್ಕೂ ತಾಲ್ಲೂಕುಗಳ ಸಿಬ್ಬಂದಿಯಿಂದ ಜಂಟಿ ಆಲಿಕೆ ಏರ್ಪಡಿಸಲಾಯಿತು. ಸರೌಂಡ್ ಸೌಂಡ್ ಎಂಬುದು ಐದೂ ಸ್ಪೀಕರುಗಳ ನಟ್ಟನಡುವೆ ಇಟ್ಟ ಒಂದೇ ಒಂದು ಕುರ್ಚಿಗೆ ಮಾತ್ರ ಸರಿಯಾಗಿ ಕೇಳಿಸತಕ್ಕದ್ದೆಂದು ಶ್ರೀ ರವೀಂದ್ರ ಅವರು ವಿವರಿಸಿದ್ದರಿಂದ, ಸದರಿ ಕುರ್ಚಿಗೆ ಈ ನಿಯಮಗಳನ್ನು ರೂಪಿಸಲಾಯಿತು:

(ಅ) ಕುರ್ಚಿಯಲ್ಲಿ ಜ್ಯೇಷ್ಠತಾ ಪಟ್ಟಿಯಂತೆ ಕೂರತಕ್ಕದ್ದು. ಪ್ರಭಾರದಲ್ಲಿರುವವರು ಕುರ್ಚಿಯ ಅರ್ಧಭಾಗಕ್ಕೆ ಮಾತ್ರ ಅರ್ಹರು.
(ಆ) ಕುರ್ಚಿಯಲ್ಲಿರುವವರು ತಲೆ ಅಲ್ಲಾಡಿಸತಕ್ಕದ್ದಲ್ಲ. ಹಾಡು ಹಿಡಿಸಿದಲ್ಲಿ ಲಿಖಿತವಾಗಿ ತಿಳಿಸುವುದು.
(ಇ) ಉಳಿದವರು ತಮಗೆ ಹತ್ತಿರದ ಸ್ಪೀಕರಿನಿಂದ ಬಂದದ್ದನ್ನೇ ಪೂರ್ಣ ಹಾಡೆಂದು ಭಾವಿಸತಕ್ಕದ್ದು.
(ಈ) ಗೋಡೆಗೆ ತಗುಲಿ ನಿಂತವರಿಗೆ ಏನೂ ಕೇಳಿಸದಿದ್ದಲ್ಲಿ ಅದನ್ನು ಅವರ ಸಾಂದರ್ಭಿಕ ರಜೆಯಲ್ಲಿ ಕಳೆಯುವುದು.

ಮೊದಲಿಗೆ ಕೂತವರು ಶ್ರೀ ರವೀಂದ್ರ. ನಲವತ್ತೆರಡು ನಿಮಿಷವೂ ಅವರು ಮೇಲೇಳಲಿಲ್ಲ.

6. ಮೂರನೇ ಹಾಡಿನಲ್ಲಿ ಘಟನೆ ನಡೆಯಿತು. ಪಲ್ಲವಿ ಬಂದೊಡನೆ ಸಿಬ್ಬಂದಿಯೆಲ್ಲ ಅಭ್ಯಾಸದಂತೆ ದನಿಗೂಡಿಸಿದ್ದು, ಎರಡು ಪದ ಹಾರಿಸಬೇಕಾದ ಜಾಗದಲ್ಲಿ ಒಕ್ಕೊರಲಿನಿಂದ ಹಾರಿಸಿ ಮುಂದೆ ಹೋಗಿರುತ್ತಾರೆ. ಹೊಸ ಆವೃತ್ತಿಯ ಗಾಯಕನು ಆ ಎರಡೂ ಪದಗಳನ್ನು ಹಾಡುತ್ತ ಹಿಂದುಳಿದುಬಿಟ್ಟನು. ಹಾಡು ಮುಗಿಯುವವರೆಗೂ ಕಚೇರಿ ಮುಂದೆ, ಗಾಯಕ ಹಿಂದೆ. ಶ್ರೀ ರವೀಂದ್ರ ಅವರು ತಲೆ ಅಲ್ಲಾಡಿಸದೆಯೇ, "ಏನ್ರೀ ಇದು? ಮೊದ್ಲು ಹಾಡು ಪೂರ್ತಿ ಕೇಳ್ರಿ! ತಪ್ಪು ಹಾಡ್ತಿದೀರಿ!" ಎಂದು ಕೂಗಿದರು. ಅದಕ್ಕೆ ಸ್ವಚ್ಛತಾ ಸಿಬ್ಬಂದಿ ಶ್ರೀಮತಿ ದೊಡ್ಡಕ್ಕ ಅವರು ಬಾಗಿಲ ಬಳಿಯಿಂದಲೇ, "ನಮ್ದು ಸರಿ ಐತೆ ಸಾರ್. ಇವ್ನೇ ತಡ ಮಾಡ್ತಾನೆ" ಎಂದು ಉತ್ತರಿಸಿರುತ್ತಾರೆ. ಸಭೆಯಲ್ಲಿ ನಗು ಉಂಟಾಯಿತು.

ಈ ನಗುವಿನ ಪರಿಣಾಮವೇ ಉಲ್ಲೇಖ (2)ರ ಆದೇಶ. ಸಿಬ್ಬಂದಿಗೆ ತಪ್ಪು ಹಾಡು ಕಲಿಸಿದ ಕಾರಣಕ್ಕಾಗಿ ಶ್ರೀ ಪಾಲಣ್ಣ ಅವರ ಪ್ಲೇಯರ್ ಹಾಗೂ ರೆಕಾರ್ಡಿಗೆ ಇಲಾಖೆಯ ದಾಸ್ತಾನು ಸಂಖ್ಯೆ ಅಂಟಿಸಿ, ನಿರುಪಯುಕ್ತವೆಂದು ಘೋಷಿಸಿ, ದಿನಾಂಕ 29-11-2025ರಂದು ಮುರಿದ ಬೀರುಗಳೊಂದಿಗೆ ಗುಜರಿಯವರಿಗೆ ಕೊಡಲು ಆದೇಶಿಸಲಾಗಿದೆ. ಮರುದಿನ, ದಿನಾಂಕ 30ರಂದು, ಶ್ರೀ ಪಾಲಣ್ಣ ಅವರು ವಯೋನಿವೃತ್ತಿ ಹೊಂದುತ್ತಾರೆ. ಅವರ ಮನವಿಯಲ್ಲಿ ಇರುವುದಿಷ್ಟೇ: "ಅದು ನಂದು ಸಾರ್, ಸರ್ಕಾರದ್ದಲ್ಲ. ಗುಜರಿಗೆ ಹಾಕ್ಬ್ಯಾಡ್ರಿ." ಈ ಮನವಿಯ ಮೇಲೆ ಶ್ರೀ ರವೀಂದ್ರ ಅವರು "ರಸೀದಿ ಲಗತ್ತಿಸಿಲ್ಲ" ಎಂದು ಷರಾ ಬರೆದು ಬೆಂಗಳೂರಿಗೆ ತರಬೇತಿಗೆ ಹೋಗಿರುತ್ತಾರೆ. ಮುದ್ದೆ ಸಾರಿಗೆ ಪ್ರತಿಯಾಗಿ ಬಂದ ವಸ್ತುವಿಗೆ ರಸೀದಿ ಕೇಳಿದ ಅಧಿಕಾರಿಯನ್ನು ಕೆಳಗೆ ಸಹಿ ಮಾಡಿರುವವರು ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಕಂಡಿರುವುದಿಲ್ಲ.

7. ಏಕಪಕ್ಷೀಯ ತೀರ್ಮಾನವೆಂಬ ಆಕ್ಷೇಪಣೆ ಬಾರದಿರಲೆಂದು, ಕೆಳಗೆ ಸಹಿ ಮಾಡಿರುವವರು ದಿನಾಂಕ 26ರಂದು ಸಭಾಂಗಣದ ಬಾಗಿಲು ಹಾಕಿಸಿ, ನಡುವಿನ ಕುರ್ಚಿಯ ಅರ್ಧಭಾಗದಲ್ಲಿ ಕೂತು, ಪೂರ್ತಿ ಆಲ್ಬಂ ಆಲಿಸಿರುತ್ತಾರೆ. ಕಂಡುಬಂದ ಅಂಶಗಳು: ಗಿಟಾರಿನವನನ್ನು ಎಡಗಡೆಯ ಮೂಲೆಗೆ ಸರಿಸಿ ನಿಲ್ಲಿಸಲಾಗಿದೆ. ಅವನು ಅಲ್ಲಿಗೆ ಏಕೆ ಬಂದನೆಂಬುದಕ್ಕೆ ಪುಸ್ತಕದಲ್ಲಿ ವಿವರಣೆಯಿಲ್ಲ. ಡ್ರಮ್ಮು ಕಾರಣವಿಲ್ಲದೆ ಬಲಗಿವಿಯೊಂದಕ್ಕೇ ಬಡಿಯುತ್ತದೆ. ಚೆನ್ನಾಗಿಯೇ ಇದ್ದ ಮನೆಯನ್ನು ಕೆಡವಿ ಅಡುಗೆಮನೆಯನ್ನು ಜಗಲಿಗೆ ತಂದಂತಿದೆ. ನಾಲ್ಕು ಸಲ ಕೊಂಡವನಿಗೇ ಐದನೇ ಸಲ ಮಾರಲು ಯಾರೋ ಕೂತು ಯೋಚಿಸಿದ್ದಾರೆ, ಹಾಗೆ ಐದನೇ ಸಲವೂ ಕೊಂಡವನು ನಮಗೆ ಅಧಿಕಾರಿಯಾಗಿ ಬಂದಿದ್ದಾನೆ ಎಂಬುದನ್ನು ಬಿಟ್ಟರೆ ಇದರಲ್ಲಿ ಹೊಸದೇನೂ ಇಲ್ಲ.

ಆದರೆ ಸತ್ಯವನ್ನು ಮುಚ್ಚಿಡುವಂತಿಲ್ಲ. ಐದನೇ ಹಾಡು ಚೆನ್ನಾಗಿತ್ತು. ಧ್ವನಿಗಳು ಒಂದೊಂದಾಗಿ ಸುತ್ತಲೂ ಎದ್ದು ನಿಂತಾಗ ಕೆಳಗೆ ಸಹಿ ಮಾಡಿರುವವರ ಮೈ ಜುಮ್ಮೆಂದಿತು. ಆಗ, ಕೇಳಿದೆಯಾ ಎನ್ನಲು ಪಕ್ಕಕ್ಕೆ ತಿರುಗಿದರೆ ಅಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಲು ಈ ವ್ಯವಸ್ಥೆಯಲ್ಲಿ ಅವಕಾಶವಿಲ್ಲ.

8. ಮೇಲ್ಕಂಡ ಕಾರಣಗಳಿಂದ ಹನ್ನೊಂದು ಆಲ್ಬಂಗಳ ಖರೀದಿ ಪ್ರಸ್ತಾವನೆಯನ್ನು ತಿರಸ್ಕರಿಸಲಾಗಿದೆ. ಸ್ವಂತ ಹಣದಲ್ಲಿ ಕೊಳ್ಳಬಯಸುವ ನೌಕರರಿಗೆ ಅಡ್ಡಿಯಿಲ್ಲ. ಆದರೆ ಅವರು,

(ಅ) ಮನೆಯವರೊಬ್ಬರ ಕಣ್ಣು ಕಟ್ಟಿ ಹಳೆಯದನ್ನೂ ಹೊಸದನ್ನೂ ಕೇಳಿಸಿ, ವ್ಯತ್ಯಾಸ ಗುರುತಿಸಿದ ಬಗ್ಗೆ ಪ್ರಮಾಣಪತ್ರ ಪಡೆಯತಕ್ಕದ್ದು. "ಆಯ್ತು, ಬ್ಯಾರೆ ಐತೆ, ಈಗ ಊಟಕ್ಕೆ ಬಾ" ಎಂಬ ಉತ್ತರವನ್ನು ಪರಿಗಣಿಸಲಾಗುವುದಿಲ್ಲ;
(ಆ) ಆರನೇ ಆವೃತ್ತಿ ಬಂದಾಗ ಐದನೆಯದನ್ನು ಕಳಪೆಯೆಂದು ಜರಿಯುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡತಕ್ಕದ್ದು;
(ಇ) ಕಚೇರಿಯ ವೇಳೆಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ "ನೀವು ಆ ಹಾಡನ್ನು ಇನ್ನೂ ಕೇಳಿಯೇ ಇಲ್ಲ" ಎಂದು ಹೇಳತಕ್ಕದ್ದಲ್ಲ. ನಾವು ಕೇಳಿದ್ದೇವೆ. ಇಪ್ಪತ್ತು ವರ್ಷ ಕೇಳಿದ್ದೇವೆ.

9. ಉಲ್ಲೇಖ (2)ರ ಆದೇಶವನ್ನು ರದ್ದುಪಡಿಸಲಾಗಿದೆ. ಅಂಟಿಸಿದ ದಾಸ್ತಾನು ಸಂಖ್ಯೆಯನ್ನು ಕೆಳಗೆ ಸಹಿ ಮಾಡಿರುವವರೇ ಇಂದು ಬೆಳಿಗ್ಗೆ ಉಗುರಿನಿಂದ ಕೆರೆದು ತೆಗೆದಿರುತ್ತಾರೆ. ಪ್ಲೇಯರ್, ಎರಡು ಸ್ಪೀಕರ್ ಹಾಗೂ ರೆಕಾರ್ಡ್ ಶ್ರೀ ಪಾಲಣ್ಣ ಅವರ ಸ್ವಂತ ಸೊತ್ತಾಗಿದ್ದು, ಮನೆಗೆ ಒಯ್ಯಬಹುದೆಂದು ಅವರಿಗೆ ತಿಳಿಸಲಾಯಿತು. ಅವರು ಪ್ಲೇಯರಿನ ಮುಚ್ಚಳ ಒರೆಸುತ್ತ ಕೊಟ್ಟ ಹೇಳಿಕೆ ಹೀಗಿದೆ:

"ಮನ್ಯಾಗೆ ಇಟ್ಕಂಡು ಏನ್ ಮಾಡ್ಲಿ ಮೇಡಮ್ನೋರೆ? ಒಬ್ನೇ ಕುಂತ್ಕಂಡು ಕೇಳೋದಲ್ಲ ಇದು. ನಂದು ಅಂತ ಬರ್ಕಂಡ್ರಲ್ಲ, ಅಷ್ಟು ಸಾಕು. ಇಲ್ಲೇ ಇರ್ಲಿ ಬಿಡ್ರಿ. ಬಸ್ ಐತೆ, ಶನಿವಾರ ನಾನೇ ಬರ್ತೀನಿ."

ಅದರಂತೆ ಸದರಿ ವಸ್ತುಗಳು ಕಡತಗಳ ಕೋಣೆಯಲ್ಲಿಯೇ ಇರತಕ್ಕದ್ದು. ಅವುಗಳಿಗೆ ನೌಕರರ ಬುತ್ತಿ ಡಬ್ಬಿಗಿರುವ ಸ್ಥಾನಮಾನವೇ ಇದ್ದು, ಯಾವ ಅಧಿಕಾರಿಯೂ ಅವಕ್ಕೆ ಸಂಖ್ಯೆ ಅಂಟಿಸುವಂತಿಲ್ಲ, ಮುಚ್ಚಳ ತೆರೆದು ನೋಡುವಂತಿಲ್ಲ, ನಿರುಪಯುಕ್ತವೆನ್ನುವಂತಿಲ್ಲ.

10. ಈ ಸುತ್ತೋಲೆಯನ್ನು ರದ್ದುಪಡಿಸಬಯಸುವ ಅಧಿಕಾರಿಯು, ಅದಕ್ಕೆ ಮುನ್ನ, ಹೊಳಲ್ಕೆರೆಯ ಸ್ಪೀಕರೊಂದನ್ನೇ ಎದುರಿಗಿಟ್ಟುಕೊಂಡು ನಲವತ್ತೆರಡು ನಿಮಿಷವೂ ಆಲಿಸಿ, ಹನ್ನೊಂದು ಚಪ್ಪಾಳೆಗಳು ಯಾರಿಗಾಗಿ ಎಂಬುದನ್ನು ವರದಿ ಮಾಡತಕ್ಕದ್ದು.

ಸಹಿ/-
(ಮೀನಾಕ್ಷಿ)
ಜಿಲ್ಲಾ ಅಧಿಕಾರಿ (ಪ್ರಭಾರ, ದಿ: 24ರಿಂದ 30ರವರೆಗೆ)
ಚಿತ್ರದುರ್ಗ

ಪ್ರತಿಗಳು:

1. ತಾಲ್ಲೂಕು ಕಚೇರಿಗಳು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ: ತಲಾ ಪೂರ್ತಿ ಒಂದು ಪ್ರತಿ. ಪುಟಗಳನ್ನು ತಾಲ್ಲೂಕಿಗೊಂದರಂತೆ ಹಂಚಿಕೊಳ್ಳತಕ್ಕದ್ದಲ್ಲ.
2. ಗುಜರಿ ವ್ಯಾಪಾರಿಗಳು: ನಾಳೆ ಬೀರುಗಳನ್ನು ಮಾತ್ರ ಒಯ್ಯುವುದು.
3. ಶ್ರೀಮತಿ ದೊಡ್ಡಕ್ಕ: ಓದಿ ಹೇಳಲಾಗಿದೆ. ಕ್ರಮಾಂಕ 6ನ್ನು ಎರಡು ಬಾರಿ ಓದಿಸಿಕೊಂಡಿರುತ್ತಾರೆ.
4. ಶ್ರೀ ರವೀಂದ್ರ: ಸೋಮವಾರ ಕರ್ತವ್ಯಕ್ಕೆ ಹಾಜರಾದ ನಂತರ ಮಾದರಿ ಸೆಟ್ಟನ್ನು ಸ್ವಂತ ವಾಹನದಲ್ಲಿ ಮನೆಗೆ ಒಯ್ಯುವುದು. ಕಡತಗಳ ಕೋಣೆಯಲ್ಲಿ ಶನಿವಾರ ಯಾರು ಬೇಕಾದರೂ ಕೂರಬಹುದು, ಬುತ್ತಿ ತರುವುದು.
5. ಶ್ರೀ ಪಾಲಣ್ಣ, ಬಾಗೂರು: ದಿನಾಂಕ 6-12-2025, ಶನಿವಾರ, ಮಧ್ಯಾಹ್ನ ಒಂದೂವರೆ. ಬಸ್ ತಡವಾದರೆ ಗಾಬರಿ ಬೇಡ. ನೀವು ಬರುವವರೆಗೆ ಸೂಜಿ ಇಡುವುದಿಲ್ಲ.