ನಿದ್ದೆಗೊಬ್ಬ ಕಾವಲುಗಾರ

ಮೊದಲ ಮಗು ಹುಟ್ಟಿದ ಮೂರನೆಯ ದಿನ, ಹೆರಿಗೆ ವಾರ್ಡಿನಲ್ಲಿ, ಗುಮಾಸ್ತ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ. ಮನೆಗೆ ಹೋದಮೇಲೆ ಒಂದು ಮಧ್ಯಾಹ್ನ ನೀನು ಮನಸಾರೆ ಮಲಗು, ಬಾಗಿಲಲ್ಲಿ ನಾನು ಕೂತಿರುತ್ತೇನೆ, ತಾನಾಗಿ ಎಚ್ಚರವಾಗುವ ತನಕ ನಿನ್ನನ್ನು ಯಾರೂ ಎಬ್ಬಿಸುವುದಿಲ್ಲ ಎಂದು. ಒಡವೆ ಕೇಳಿದ್ದರೆ ಇಷ್ಟು ಹೊತ್ತಿಗೆ ಸಿಕ್ಕಿರುತ್ತಿತ್ತೇನೋ. ಅವಳು ಕೇಳಿದ್ದು ನಿದ್ದೆ. ಹನ್ನೊಂದು ವರ್ಷವಾಯಿತು. ಮಕ್ಕಳು ಎರಡಾದವು. ಒಂದಕ್ಕೆ ಹಲ್ಲು ಬಂದರೆ ಇನ್ನೊಂದಕ್ಕೆ ಜ್ವರ, ಎರಡೂ ಇಲ್ಲದ ದಿನ ಗಂಡನಿಗೆ ನೆಗಡಿ. ಲೋಕದ ಜನ ಬಡ್ತಿಗೆ, ಬಂಗಲೆಗೆ ಕಾಯುತ್ತಾರೆ. ಇವಳು ಎರಡು ಗಂಟೆಯ ನಿದ್ದೆಗೆ, ಕೊನೆಯ ಬಸ್ಸು ಕಾಯುವವಳ ಹಾಗೆ, ಕತ್ತು ಚಾಚಿ ಕಾದಳು.

ಒಂದು ಗುರುವಾರ ಯೋಗ ಕೂಡಿಬಂತು. ಮಕ್ಕಳನ್ನು ಸೋದರತ್ತೆ ತನ್ನ ಮನೆಗೆ ಕರೆದುಕೊಂಡು ಹೋದಳು. ಗುಮಾಸ್ತ ಕಚೇರಿಗೆ ಹೋಗಿ ಅರ್ಧ ದಿನದ ರಜೆಗೆ ಅರ್ಜಿ ಬರೆದ.

ಕಚೇರಿ ಇದ್ದದ್ದು ಬಸ್ ನಿಲ್ದಾಣದ ಹಿಂಬದಿಯಲ್ಲಿ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನೆಲ್ಲ ಅಲ್ಲಿಗೆ ಬರುತ್ತಿತ್ತು. ಗುಮಾಸ್ತ ಅದನ್ನು ರಿಜಿಸ್ಟರಿಗೆ ಏರಿಸಬೇಕು. ಎಲ್ಲರೂ ಚೀಟಿಯಕ್ಕ ಎಂದೇ ಕರೆಯುವ ಹಿರಿಯ ಹೆಂಗಸು ಅದಕ್ಕೆ ಗುರುತಿನ ಚೀಟಿ ಕಟ್ಟಬೇಕು. ಇಬ್ಬರೂ ಮಾಡಿದ್ದು ತಪ್ಪು ಎಂದು ಸಾಹೇಬರು ಹೇಳಬೇಕು. ಬರೀ ‘ಕೊಡೆ’ ಎಂದು ಬರೆದರೆ ಸಾಹೇಬರು ಒಪ್ಪುತ್ತಿರಲಿಲ್ಲ. ಕಪ್ಪು ಕೊಡೆ, ಒಂದು ಕಡ್ಡಿ ಮುರಿದದ್ದು, ಹಿಡಿ ಸವೆದದ್ದು ಎಂದು ಬಿಡಿಸಿ ಬರೆಯಬೇಕು. ರಜೆಯ ಕಾರಣಕ್ಕೂ ಅದೇ ನಿಯಮ.

ರಜೆಗಾಗಿ ಗುಮಾಸ್ತ ಇಲ್ಲಿಯವರೆಗೆ ಒಬ್ಬಳೇ ಚಿಕ್ಕಮ್ಮನನ್ನು ಮೂರು ಸಲ ಸಾಯಿಸಿದ್ದ. ಇದು ಪುಣ್ಯದ ಕೆಲಸ, ಈ ಸಲವಾದರೂ ನಿಜ ಹೇಳೋಣ ಎಂದುಕೊಂಡು ‘ಹೆಂಡತಿಯ ನಿದ್ದೆ’ ಎಂದು ಬರೆದ.

ಸಾಹೇಬರು ಕನ್ನಡಕ ಏರಿಸಿದರು. “ನಿದ್ದೆಗೆ ಏನಾಗಿದೆ?”

“ಇಲ್ಲ ಸಾರ್.”

“ಎಷ್ಟು ದಿನದಿಂದ ಇಲ್ಲ?”

“ಹನ್ನೊಂದು ವರ್ಷದಿಂದ ಸಾರ್.”

ಸಾಹೇಬರು ಕೂಡಲೇ ಸಹಿ ಹಾಕಿದರು. ಚೀಟಿಯಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮನೆಯಲ್ಲಿ ಇಂಥ ಕಾಯಿಲೆ ಇಟ್ಟುಕೊಂಡು ದಿನಾ ಡಬ್ಬಿ ತೆಗೆದು ಗಡದ್ದಾಗಿ ಉಣ್ಣುತ್ತಿದ್ದನಲ್ಲ ಎಂದು ಇಬ್ಬರಿಗೂ ಅನ್ನಿಸಿತು.

ಒಂದೂವರೆಗೆ ಗುಮಾಸ್ತ ಕರೆಗಂಟೆಯ ತಂತಿ ಕಿತ್ತ, ಹೊರಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತ. ಹೆಂಡತಿ ಮಲಗುವ ಮುಂಚೆ ಒಂದೇ ಒಂದು ಸಲ “ನಿಜವಾಗ್ಲೂನಾ?” ಎಂದು ಕೇಳಿದಳು. ಇರುವೆಯನ್ನೂ ಒಳಗೆ ಬಿಡುವುದಿಲ್ಲ ಎಂದು ಇವನು ಎದೆ ತಟ್ಟಿಕೊಂಡ.

ಐದು ನಿಮಿಷಕ್ಕೆ ಎದುರುಮನೆಯ ಮೇಷ್ಟ್ರು ಬಂದರು. ನಿವೃತ್ತರಾಗಿದ್ದರೂ ಅವರ ಗಂಟಲು ಇನ್ನೂ ಕೆಲಸದಲ್ಲಿತ್ತು. ಹಿಂದಿನ ಬೆಂಚಿಗೆ ಕೇಳುವ ಹಾಗೆ ಮೂವತ್ತೈದು ವರ್ಷ ಪಾಠ ಹೇಳಿದ ಗಂಟಲು ಅದು.

“ಏನಪ್ಪಾ, ಹೊರಗೆ ಹಾಕಿದ್ರಾ?”

ಗುಮಾಸ್ತ ಪಿಸುಮಾತಿನಲ್ಲಿ ವಿಷಯ ತಿಳಿಸಿದ. ಮೇಷ್ಟ್ರಿಗೆ ಬಹಳ ಸಂತೋಷವಾಯಿತು. ಇಂಥ ಗಂಡಂದಿರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದು ಬೀದಿಗೆಲ್ಲ ಕೇಳುವಂತೆ ಹೊಗಳಿದರು. ಅಷ್ಟಕ್ಕೇ ಬಿಡದೆ ಗೇಟಿನಲ್ಲಿ ನಿಂತು, ಹೋಗಿಬರುವವರನ್ನೆಲ್ಲ ತಡೆದು, ಒಳಗೆ ಒಬ್ಬರು ಮಲಗಿದ್ದಾರೆ, ಸದ್ದು ಮಾಡಬಾರದು ಎಂದು ಕೂಗಿ ಹೇಳತೊಡಗಿದರು. ಸುಮ್ಮನೆ ಹೋಗುತ್ತಿದ್ದವರು ಯಾರು, ಯಾಕೆ, ಯಾವಾಗಿನಿಂದ ಎಂದು ನಿಂತರು.

ಎರಡೂವರೆಗೆ ಆಟೋ ಬಂತು. ಸಾಹೇಬರೂ ಚೀಟಿಯಕ್ಕನೂ ರೋಗಿಯನ್ನು ನೋಡಲು ಬಂದಿದ್ದರು. ಚೀಟಿಯಕ್ಕನ ಕೈಯಲ್ಲಿ ಎಣ್ಣೆಯ ಸೀಸೆ.

“ಅವಳು ಮಲಗಿದ್ದಾಳೆ ಅಕ್ಕಾ,” ಎಂದು ಗುಮಾಸ್ತ ಕೈಮುಗಿದ.

“ಹಾಗಾದ್ರೆ ಬೇಗ ಎಬ್ಬಿಸು. ಇದನ್ನ ಅಂಗಾಲಿಗೆ ಹಚ್ಚಿದ್ರೆ ಚೆನ್ನಾಗಿ ನಿದ್ದೆ ಬರುತ್ತೆ.”

ಅಂಗಾಲಿಗಲ್ಲ, ನೆತ್ತಿಗೆ ಎಂದರು ಮೇಷ್ಟ್ರು. ಎರಡೂ ಬೇಡ, ಇಲಾಖೆಯ ನಿಯಮಾವಳಿ ಓದಿಸಿದರೆ ಎರಡನೆಯ ಪುಟಕ್ಕೇ ಕಣ್ಣು ಮುಚ್ಚುತ್ತದೆ ಎಂದು ಸಾಹೇಬರು ಸ್ವಾನುಭವ ಹೇಳಿದರು. ವಾದ ಬೆಳೆಯಿತು. ಗೇಟಿನಲ್ಲಿ ನೆತ್ತಿಯ ಪಕ್ಷ, ಅಂಗಾಲಿನ ಪಕ್ಷ ಎಂದು ಎರಡಾಯಿತು. ಗುಮಾಸ್ತ ಮದುವೆಮನೆಗೆ ನುಗ್ಗಿದ ಕೋಳಿಯ ಹಾಗೆ ಒಬ್ಬರಿಂದ ಒಬ್ಬರಿಗೆ ಓಡಾಡಿದ. ಕೊನೆಗೆ ತಾಳ್ಮೆಗೆಟ್ಟು “ಸದ್ದು!” ಎಂದು ಕಿರುಚಿದ. ಮರದ ಕಾಗೆಗಳೆಲ್ಲ ಎದ್ದವು.

ಎಲ್ಲರೂ ಅವನನ್ನೇ ನೋಡಿದರು. “ನೀವೇ ಹೀಗೆ ಅರಚಿದ್ರೆ, ಪಾಪ, ಆಕೆಗೆ ನಿದ್ದೆ ಎಲ್ಲಿಂದ ಬರ್ಬೇಕು,” ಎಂದರು ಮೇಷ್ಟ್ರು.

ಗುಮಾಸ್ತ ತುದಿಗಾಲಲ್ಲಿ ಒಳಗೆ ಹೋದ. ಹಾಸಿಗೆ ಖಾಲಿ. ಹಿತ್ತಲ ಬಾಗಿಲು ತೆರೆದಿತ್ತು. ಅವಳ ಚಪ್ಪಲಿ ಇರಲಿಲ್ಲ.

ಹೆಂಗಸರು ಹೀಗೆ ಹೇಳದೆ ಹೋದರೆ ಮರಳಿ ಬರುವುದು ವಕೀಲರ ಜೊತೆಗೇ ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಅಕ್ಕಪಕ್ಕದ ಮನೆ, ಅಂಗಡಿ, ಮಕ್ಕಳಿದ್ದ ಸೋದರತ್ತೆಯ ಮನೆ ಎಲ್ಲ ಹುಡುಕಿದ್ದಾಯಿತು. ಹೀಗೆ ಐದಾಯಿತು. ಆಗ ಸಾಹೇಬರು ಮುಂದಾಳತ್ವ ವಹಿಸಿದರು. ಕಳೆದುಹೋದದ್ದಕ್ಕೆ ಒಂದು ನಮೂನೆ ಇದೆ, ಕಚೇರಿಗೆ ಹೋಗಿ ತುಂಬೋಣ ಎಂದರು. ಆಟೋದಲ್ಲೇ ವಿವರ ಕೇಳತೊಡಗಿದರು. ಎತ್ತರ ಎಷ್ಟು, ಉಟ್ಟದ್ದು ಯಾವ ಬಣ್ಣ, ಗುರುತಿನ ಮಚ್ಚೆ ಎಲ್ಲಿ? ಹತ್ತು ವರ್ಷದ ಹಿಂದಿನ ಕೊಡೆಯ ಕಡ್ಡಿ ನೆನಪಿದ್ದ ಮನುಷ್ಯ ಒಂದಕ್ಕೂ ಉತ್ತರ ಹೇಳಲಾರದೆ ರಸ್ತೆ ನೋಡಿದ.

ರೋಗಿಯನ್ನು ನೋಡುವ ಆತುರದಲ್ಲಿ ಎದ್ದು ಬಂದಿದ್ದರಿಂದ ಕಚೇರಿಗೆ ಬೀಗ ಹಾಕಿರಲಿಲ್ಲ. ಒಳಗೆ, ಕಪಾಟುಗಳ ಹಿಂದೆ, ಯಾರೋ ಮರೆತ ಹಾಸಿಗೆಯ ಮೇಲೆ, ಇನ್ಯಾರೋ ಮರೆತ ಕಂಬಳಿ ಹೊದ್ದು ಅವಳು ಮಲಗಿದ್ದಳು. ಬಾಯಿ ಅರೆತೆರೆದಿತ್ತು, ಒಂದು ಕೈ ಕೆಳಗೆ ಜೋತಿತ್ತು. ನಮ್ಮ ಕಚೇರಿಗೆ ಊಟದ ಹೊತ್ತು ಕಳೆದರೆ ನೊಣವೂ ಬರುವುದಿಲ್ಲ ಎಂದು ಗಂಡ ದಿನಾ ಗೊಣಗುತ್ತಿದ್ದ. ಅವನ ಮಾತುಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ. ಮೇಷ್ಟ್ರ ಮೊದಲ ಮಾತಿಗೇ ಅವಳು ಹಿತ್ತಲಿನಿಂದ ಹೊರಟಿದ್ದಳು. ಸಾಹೇಬರ ಆಟೋ ಅತ್ತ ಹೋದಮೇಲೆ ಇತ್ತ ಒಳಗೆ ಬಂದಿದ್ದಳು.

ಗುಮಾಸ್ತನ ಕಣ್ಣು ತುಂಬಿತು. ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಆಚೆ ದೂಡಿ, ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೂತ.

ಸಾಹೇಬರು ಗಡಿಯಾರ ನೋಡಿದರು. “ಐದೂವರೆಗೆ ಬೀಗ ಹಾಕ್ಬೇಕಲ್ರೀ.”

“ಒಂದರ್ಧ ಗಂಟೆ ಸಾರ್. ನಿಮ್ಮ ದಮ್ಮಯ್ಯ.”

“ಬೀಗ ಹಾಕಿದ ಮೇಲೆ ಒಳಗಿದ್ದದ್ದೆಲ್ಲ ದಾಸ್ತಾನು. ಮೂರು ದಿನ ಬಿಟ್ಟು, ಇಬ್ಬರು ಸಾಕ್ಷಿ ಕರ್ಕೊಂಡು ಬಂದು ಬಿಡಿಸ್ಕೋಬೇಕಾಗುತ್ತೆ. ಬೇಡ ಅಂದ್ರೆ ಈಗಲೇ ಸಹಿ ಹಾಕಿ ತಗೊಂಡು ಹೋಗಿ.”

ಹಾಗಾದರೆ ಚೀಟಿಯಕ್ಕನೇ ಮೆಲ್ಲಗೆ ಎಬ್ಬಿಸಲಿ ಎಂದು ಗುಮಾಸ್ತ ಬೇಡಿಕೊಂಡ. ಮೂವತ್ತು ವರ್ಷದ ಸರ್ವಿಸಿನಲ್ಲಿ ವಾರಸುದಾರರು ಎದುರಿಗಿರುವಾಗ ತಾನು ಸಾಮಾನು ಮುಟ್ಟಿದವಳಲ್ಲ ಎಂದು ಚೀಟಿಯಕ್ಕ ಕೈ ಹಿಂದಕ್ಕೆ ಕಟ್ಟಿಕೊಂಡಳು.

ಗುಮಾಸ್ತ ಸಹಿ ಹಾಕಿದ. ಒಳಗೆ ಹೋಗಿ ಬಗ್ಗಿ ಹೆಂಡತಿಯ ಭುಜ ಅಲುಗಿಸಿದ.

ಹನ್ನೊಂದು ವರ್ಷದ ಹಿಂದೆ ಕೊಟ್ಟ ಮಾತು ಐದು ಇಪ್ಪತ್ತೆಂಟಕ್ಕೆ ಮುರಿಯಿತು.