ಮೀಟರಿಲ್ಲದ ಗೃಹಪ್ರವೇಶ

ಎದುರು ಮನೆಯ ನಂಜುಂಡಪ್ಪನವರ ಕೊರಳಲ್ಲಿ, ಫೋಟೋ ತೆಗೆಯುವ ಮುನ್ನ ಬೆಳಕು ಅಳೆಯುವ ಲೈಟ್ ಮೀಟರ್ ತೂಗಾಡುವುದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಒಗ್ಗರಣೆ ಸಿಡಿಯುತ್ತಿತ್ತು. ಬೆಂಕಿಪೆಟ್ಟಿಗೆಯಂಥ ಆ ಯಂತ್ರವನ್ನು ಅವರು ಬೆಳಕಿಗೆ ಹಿಡಿಯುವುದು, ಮುಳ್ಳು ಅಲ್ಲಾಡುವುದು, ರಾಜಾಜಿನಗರದ ನಮ್ಮ ಬೀದಿಯೇ ಬೆರಗಾಗುವುದು! ಕ್ಯಾಮೆರಾ ನನ್ನ ಹತ್ತಿರವೂ ಇತ್ತು. ನೋಡುವವರಿರಲಿಲ್ಲ.

ಅಷ್ಟರಲ್ಲಿ ಬಸವೇಶ್ವರನಗರದಲ್ಲಿ ನಾವು ಕಟ್ಟಿಸಿದ ಮನೆಯ ಗೃಹಪ್ರವೇಶ ಬಂತು.

"ರೀ, ಫೋಟೋಗೆ ನಂಜುಂಡಪ್ಪನವರಿಗೇ ಹೇಳ್ಬಿಡಿ. ಅವರ ಹತ್ರ ಮೀಟರ್ ಇದೆ" ಎಂದಳು ನನ್ನ ಹೆಂಡತಿ ಸಾವಿತ್ರಿ.

"ದೇವರು ನನಗೆ ಎರಡು ಮೀಟರ್ ಕೊಟ್ಟಿದಾನೆ ಕಣೇ" ಎಂದು ಕಣ್ಣು ತೋರಿಸಿದೆ.

"ಅದಕ್ಕೇ ಕನ್ನಡಕ ಬಂದಿರೋದು!"

ಆಫೀಸಿನ ಗೆಳೆಯನೊಬ್ಬ ನನಗೆ ಸೂತ್ರ ಹೇಳಿಕೊಟ್ಟಿದ್ದ. ಲೆನ್ಸಿನ ಸುತ್ತ ನಾಲ್ಕರಿಂದ ಹದಿನಾರರವರೆಗೆ ಅಂಕಿಗಳಿವೆ. ತಿರುಗಿಸಿದರೆ ಬೆಳಕನ್ನು ಒಳಬಿಡುವ ತೂತು ಹಿಗ್ಗುತ್ತದೆ, ಕುಗ್ಗುತ್ತದೆ. ಬಿಸಿಲಿಗೆ ಚಿಕ್ಕ ತೂತು, ಕತ್ತಲಿಗೆ ದೊಡ್ಡ ತೂತು. ಇಷ್ಟೇ! ಹದಿನಾರು ದೊಡ್ಡದು, ನಾಲ್ಕು ಚಿಕ್ಕದು ಎಂಬುದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಆದ್ದರಿಂದ ಹೋಮದ ಕೋಣೆಯ ಮಬ್ಬಿನಲ್ಲಿ ಘನಗಂಭೀರವಾಗಿ ಹದಿನಾರು ಇಟ್ಟೆ. ಅಂಗಳದ ಸುಡುಬಿಸಿಲಿನಲ್ಲಿ ನೆಂಟರನ್ನು ಸಾಲಾಗಿ ನಿಲ್ಲಿಸಿ ನಾಲ್ಕು ಇಟ್ಟೆ.

"ಮೀಟರ್ ಕೊಡ್ಲಾ ಸಾರ್?" ಎಂದರು ನಂಜುಂಡಪ್ಪ.

"ಬೇಡ ಬೇಡ, ಅಭ್ಯಾಸ ಇದೆ!"

ಆಗ ಸಾವಿತ್ರಿ, "ಅಣ್ಣಾ, ಬನ್ನಿ, ಹಸು ಪಕ್ಕ ನೀವೂ ನಿಂತ್ಕೊಳ್ಳಿ" ಎಂದು ಕರೆದಳು. ಹೊಸ ಬಾಗಿಲ ಮುಂದೆ, ಭರ್ತಿ ಬಿಸಿಲಿನಲ್ಲಿ, ಈ ಕಡೆ ಹೆಂಡತಿ, ಆ ಕಡೆ ನಂಜುಂಡಪ್ಪ, ನಡುವೆ ಹಸು. ಅವರ ರೇಷ್ಮೆ ಪಂಚೆಯೂ ನನ್ನದಕ್ಕಿಂತ ಹೊಳೆಯುತ್ತಿತ್ತು! ನನಗೆ ಇನ್ನು ತಡೆಯಲಾಗಲಿಲ್ಲ. ಬೆಳಕು ನುಗ್ಗಿ ಈ ಮನುಷ್ಯ ಬೆಳ್ಳಗೆ ಅಳಿಸಿಹೋಗಲಿ ಎಂದು ಬೇಕೆಂದೇ ಹದಿನಾರಕ್ಕೆ ತಿರುಗಿಸಿ ಒತ್ತಿದೆ. ಜೊತೆಗೆ ಹಸುವೂ ಹೆಂಡತಿಯೂ ಅಳಿಸಿಹೋಗುತ್ತಾರೆಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ವಾರದ ನಂತರ ಸ್ಟುಡಿಯೋದಿಂದ ಫೋಟೋಗಳು ಬಂದವು. ಹೋಮದ್ದೆಲ್ಲ ಅಮಾವಾಸ್ಯೆ. ಅಂಗಳದ ನೆಂಟರೆಲ್ಲ ಸುಣ್ಣದ ಗೋಡೆ! ಸಾವಿತ್ರಿ ನೇರವಾಗಿ ನಂಜುಂಡಪ್ಪನವರ ಮುಂದೆ ಹರಡಿದಳು.

"ನಂಬರ್ ದೊಡ್ಡದಾದಷ್ಟೂ ತೂತು ಚಿಕ್ಕದು ಸಾರ್. ನೀವು ಪೂರ್ತಿ ಉಲ್ಟಾ ಇಟ್ಟಿದೀರಿ" ಎಂದು ಅವರು ಮರುಗಿದರು. ಆಮೇಲೆ ಕೊನೆಯದನ್ನು, ಹಸುವಿನ ಪಕ್ಕ ತಾವು ನಿಂತದ್ದನ್ನು, ಎತ್ತಿಕೊಂಡು ಮುಖ ಅರಳಿಸಿದರು. "ಆದ್ರೆ ಇದು ನೋಡಿ! ಪಂಚೆಯ ಜರಿ ಕೂಡ ಎಣಿಸಬಹುದು. ಮೀಟರ್ ಇಲ್ದೇ ಇಷ್ಟು ಕರೆಕ್ಟಾಗಿ ಹೇಗೆ ಅಂದಾಜು ಮಾಡಿದ್ರಿ?"

ಸರಿಯೆಂದು ಮಾಡಿದ್ದೆಲ್ಲ ತಪ್ಪಾಗಿ, ಬೇಕೆಂದೇ ಮಾಡಿದ ತಪ್ಪೊಂದೇ ಸರಿಯಾಗಿತ್ತು! "ಹಾಗೇ... ಕಣ್ಣಳತೆ" ಎಂದೆ.

ಉಳಿದದ್ದು ಅದೊಂದೇ ಆದ್ದರಿಂದ ಸಾವಿತ್ರಿ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಹೊಸ ಮನೆಯ ಹಾಲ್‌ನ ಗೋಡೆಗೆ ನೇತುಹಾಕಿದಳು. ನಾವು ಅಲ್ಲಿಗೆ ಬಂದು ನೆಲೆಸಿದ ಮೇಲೆ, ಮೊನ್ನೆ ಬಡಾವಣೆಯ ಹಿರಿಯರೊಬ್ಬರು ಪರಿಚಯ ಮಾಡಿಕೊಳ್ಳಲು ಬಂದರು. ನಾನು ಬನಿಯನ್ನಿನಲ್ಲಿ ಬಾಗಿಲು ತೆರೆದೆ. ಅವರು ಒಳಗೆ ಬಂದು ಪಟವನ್ನು ನೋಡಿದರು, ನನ್ನನ್ನು ನೋಡಿದರು.

"ಯಜಮಾನ್ರು ಇಲ್ವೇನಪ್ಪಾ?"

"ಇಲ್ಲ ಸಾರ್" ಎಂದೆ. "ರಾಜಾಜಿನಗರದಲ್ಲಿದಾರೆ."